ಬೇಸಿನ್ನಿನ ತಳದ ತೂತಿಗೆ ‘ತೂಬು’ ಎನ್ನಬಹುದೇ?

ನಮ್ಮ ವಸತಿ ಸಮುಚ್ಚಯದವರಿಗಾಗಿ ಮನೆಯ ಸಣ್ಣಪುಟ್ಟ ದುರಸ್ತಿಗಳ ಕುರಿತು ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಬಚ್ಚಲುಮನೆಯ ವಾಷ್ ಬೇಸಿನ್ ಕೆಳಗೆ ನೀರು ಸೋರುವ ಪ್ರಕರಣಕ್ಕೆ ಬಂದಾಗ ಎರಡು ಹೆಸರುಗಳು ಸಿಗದೆ ಬರವಣಿಗೆ ನಿಂತಿದೆ. ಬೇಸಿನ್ನಿನ ತಳದಲ್ಲಿ ನೀರು ಇಳಿದುಹೋಗುವ ತೂತಿಗೆ ಏನೆನ್ನಬೇಕು? ಬೇಸಿನ್ ತುಂಬಿ ಹೊರಚೆಲ್ಲದಿರಲೆಂದು ಅಂಚಿನ ಕೆಳಗೆ ಬಿಟ್ಟಿರುವ ಸಣ್ಣ ತೂತಿಗೆ ಏನೆನ್ನಬೇಕು?

ತಳದ ತೂತಿನಲ್ಲಿ ಕೂರಿಸುವ ಬಿಡಿಭಾಗಕ್ಕೆ ‘ವೇಸ್ಟ್ ಕಪ್ಲಿಂಗ್’ ಎಂಬ ಹೆಸರು ಅಂಗಡಿಗಳಲ್ಲಿ ನೆಲೆಗೊಂಡಿದೆ. ಅದನ್ನು ಬದಲಿಸುವ ಉದ್ದೇಶ ನನಗಿಲ್ಲ. ನನಗೆ ಬೇಕಿರುವುದು ತೂತಿನ ಹೆಸರು. ‘ಚರಂಡಿ’, ‘ಮೋರಿ’, ಉತ್ತರ ಕರ್ನಾಟಕದ ‘ಗಟಾರ’ ಇವೆಲ್ಲ ನೀರು ಹರಿದುಹೋಗುವ ದಾರಿಯನ್ನು ಹೇಳುತ್ತವೆಯೇ ಹೊರತು ನೀರು ಇಳಿಯುವ ಬಾಯಿಯನ್ನಲ್ಲ. ‘ಬಚ್ಚಲು’ ಪದದಲ್ಲಿ ಕೊಳಕು ನೀರು ಹೋಗುವ ಜಾಗ ಎಂಬ ಅರ್ಥವಿದ್ದು, ‘ಬಚ್ಚಲುಬಾಯಿ’ ಎಂಬ ಬೈಗುಳದಲ್ಲಿ ಅದು ಇಂದಿಗೂ ಕೇಳಿಸುತ್ತದೆಯಾದರೂ, ಸ್ನಾನದ ಕೋಣೆಗೇ ಆ ಹೆಸರು ನಿಂತಿರುವುದರಿಂದ ಇಲ್ಲಿ ಬಳಸಿದರೆ ಗೊಂದಲವಾಗುತ್ತದೆ. ಪ್ಲಂಬರುಗಳು ನೆಲದ ಜಾಲರಿಯ ಕೆಳಗೆ ಕೂರಿಸುವ ‘ನಾನಿ ಟ್ರ್ಯಾಪ್’ನಲ್ಲಿರುವ ‘ನಾನಿ’ಯೂ ಸ್ನಾನದ ಜಾಗವೆಂಬ ಅರ್ಥದ ಮರಾಠಿಯ ‘ನ್ಹಾಣಿ’ಯೇ.

ಹೀಗಿರುವಾಗ ನನಗೆ ನೆನಪಾದದ್ದು ಕೆರೆ. ಕೆರೆಯ ತಳಮಟ್ಟದಿಂದ ಬೇಕಾದಾಗ ನೀರನ್ನು ಬಿಡುವುದಕ್ಕೆ ತೂಬು, ತುಂಬಿದಾಗ ಹೆಚ್ಚುವರಿ ನೀರು ತಾನಾಗಿ ಹೊರಹೋಗುವುದಕ್ಕೆ ಕೋಡಿ. ನೀರುಗಂಟಿ ತೂಬನ್ನು ಎತ್ತುವ ಹಾಗೆಯೇ ನಾವು ಬೇಸಿನ್ನಿನ ರಬ್ಬರ್ ಬಿರಡೆಯನ್ನು ಎತ್ತುತ್ತೇವೆ. ತೆಲುಗಿನ ‘ತೂಮು’, ತಮಿಳಿನ ‘ತೂಂಬು’ ಇದೇ ಬಳಗದವು. ತಮಿಳಿನಲ್ಲಿ ಕೊಳವೆ ಎಂಬ ಅರ್ಥವೂ ಅದಕ್ಕಿದೆ. ತೂಬು, ಕೋಡಿ ಎಂಬ ಜೋಡಿ ಬೇಸಿನ್ನಿಗೆ ಇಷ್ಟು ಚೆನ್ನಾಗಿ ಒಪ್ಪುವಾಗ ‘ಬಹಿರ್ಗಮನ ರಂಧ್ರ’ದಂತಹ ಪದವನ್ನು ಕಟ್ಟಲು ನನಗೆ ಮನಸ್ಸಿಲ್ಲ.

ಈ ಎರಡು ಹೆಸರುಗಳಿದ್ದರೆ ದುರಸ್ತಿಯ ವಿವರಣೆಯೇ ಸುಲಭವಾಗುತ್ತದೆ. ಕೆಳಭಾಗವನ್ನೆಲ್ಲ ಒರೆಸಿ ಒಣಗಿಸಿ, ತೂಬನ್ನು ಮುಚ್ಚಿ, ಕೋಡಿಯ ಮಟ್ಟಕ್ಕಿಂತ ಕೆಳಗೆ ನೀರು ನಿಲ್ಲಿಸಿದಾಗ ಹನಿ ಬಿದ್ದರೆ ಕಪ್ಲಿಂಗಿನ ತಲೆಯ ಅಡಿಯ ಸೀಲು ಸಡಿಲವಾಗಿರಬಹುದು. ತೂಬನ್ನು ತೆರೆದ ಮೇಲಷ್ಟೇ ಬಿದ್ದರೆ ಕೆಳಗಿನ ರಬ್ಬರ್ ವಾಷರನ್ನೂ ಪೈಪು ಅಥವಾ ಬಾಟಲ್ ಟ್ರ್ಯಾಪಿನ (ವಾಸನೆ ಮೇಲೆ ಬಾರದಂತೆ ನೀರು ಹಿಡಿದಿಡುವ ಬಟ್ಟಲು) ನಟ್ಟುಗಳನ್ನೂ ನೋಡಬೇಕು. ಕೋಡಿ ಹರಿದಾಗ ಮಾತ್ರ ಬಿದ್ದರೆ ಕಪ್ಲಿಂಗಿನ ಆಯ್ಕೆಯೇ ತಪ್ಪಾಗಿರಬಹುದು. ಕೋಡಿಯಿರುವ ಬೇಸಿನ್ನಿಗೆ ಪಕ್ಕದಲ್ಲಿ ಸೀಳುಗಳಿರುವ ‘ಹಾಫ್ ಥ್ರೆಡ್’ ಕಪ್ಲಿಂಗ್ ಬೇಕು. ಸೀಳಿಲ್ಲದ ‘ಫುಲ್ ಥ್ರೆಡ್’ ಹಾಕಿದರೆ ಕೋಡಿಯಿಂದ ಬಂದ ನೀರಿಗೆ ಒಳಗೆ ಸೇರಲು ದಾರಿಯಿಲ್ಲದೆ ಅದು ವಾಷರಿನ ಸುತ್ತ ಜಿನುಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಮೂರು ಸಲ ನಟ್ಟನ್ನು ಬಿಗಿಗೊಳಿಸಿದರೂ ನಿಲ್ಲದ ನೀರು, ಸೀಳಿರುವ ಕಪ್ಲಿಂಗನ್ನು ಕೂರಿಸಿದ ದಿನವೇ ನಿಂತಿತು.

ಕ್ರಿಯಾಪದದ ವಿಷಯದಲ್ಲಿಯೂ ಒಂದು ಸಂದೇಹವಿದೆ. ‘ಮನೆ ಸೋರುತ್ತದೆ’ ಎಂದೂ ‘ನೀರು ಸೋರುತ್ತದೆ’ ಎಂದೂ ಹೇಳುವ ನಾವು ‘ಬೇಸಿನ್ ಸೋರುತ್ತಿದೆ’ ಎಂದಾಗ ಎಲ್ಲಿಂದ, ಎಷ್ಟು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಸಂದಿಯಲ್ಲಿ ತೇವವಾಗಿ ಕಾಣಿಸಿಕೊಳ್ಳುವುದಕ್ಕೆ ‘ಜಿನುಗು’, ಬಿಡಿಬಿಡಿಯಾಗಿ ಹನಿ ಬೀಳುವುದಕ್ಕೆ ‘ತೊಟ್ಟಿಕ್ಕು’, ಎರಡಕ್ಕೂ ಸಲ್ಲುವ ಸಾಮಾನ್ಯ ಪದವಾಗಿ ‘ಸೋರು’ ಎಂದು ಕೈಪಿಡಿಯಲ್ಲಿ ಗೆರೆ ಎಳೆದುಕೊಂಡಿದ್ದೇನೆ. ‘ಒಸರು’ ಪದವನ್ನು ಕೈಬಿಟ್ಟಿದ್ದೇನೆ. ನನ್ನ ಕಿವಿಗೆ ಅದು ನೆಲದಿಂದಲೋ ಬಂಡೆಯಿಂದಲೋ ನೀರು ಬರುವುದಕ್ಕೇ ಹೆಚ್ಚು ಹೊಂದುತ್ತದೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು: ಕೋಲಾರ, ತುಮಕೂರಿನಂತಹ ಕೆರೆಗಳ ಸೀಮೆಯಲ್ಲಾಗಲಿ ಬೇರೆಡೆಯಾಗಲಿ ಮನೆಯೊಳಗಿನ ತೊಟ್ಟಿಯ ಅಥವಾ ಬಚ್ಚಲಿನ ತೂತಿಗೆ ‘ತೂಬು’ ಎನ್ನುವ ರೂಢಿಯನ್ನು ನೀವು ಕೇಳಿದ್ದೀರಾ? ಕರಾವಳಿಯಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ, ಅದನ್ನು ಬಳಸುವ ಒಂದು ಪೂರ್ಣ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.