ದಾರಿಯಲ್ಲೆಲ್ಲ ಹುಟ್ಟೋ ಭೀಮನಕಡ್ಡಿ ಕುಂಡದಲ್ಲಿ ಮಾತ್ರ ಮೊಳಕೆನೇ ಒಡೀತಿಲ್ಲ, ಎಲ್ಲಿ ತಪ್ಪಾಗ್ತಿದೆ?

ಮೊಳಕೆಗಣ್ಣು:
ನಗಬೇಡಿ, ಮೊದಲೇ ಹೇಳಿಬಿಡ್ತೀನಿ. ಎಲ್ರೂ ಕಳೆ ಸಾಯಿಸೋದು ಹೆಂಗೆ ಅಂತ ಕೇಳ್ತಾರೆ, ನಾನು ಕಳೆ ಬೆಳೆಸೋದು ಹೆಂಗೆ ಅಂತ ಕೇಳೋಕೆ ಬಂದಿದೀನಿ. ಭೀಮನಕಡ್ಡಿ ಅಂತೀವಲ್ಲ, ಹಳದಿ ಪುಟ್ಟ ಹೂವು, ನಾರು ನಾರು ಕಾಂಡ, ಕೀಳೋಕೆ ಹೋದ್ರೆ ಗಿಡ ಬರಲ್ಲ ಕೈಗೆ ಬೊಬ್ಬೆ ಬರುತ್ತೆ, ಅದೇ. ಬೀಜದಿಂದ ಹೂವಿನ ತನಕ ಟೈಮ್‌ಲ್ಯಾಪ್ಸ್ ತೆಗೀಬೇಕು ಅಂತ ಆಸೆ. ಸ್ಟ್ಯಾಂಡು ಲೈಟು ಎಲ್ಲ ಸೆಟ್ ಮಾಡ್ಕೊಂಡು, ಒಣಗಿದ ಕಾಯಿಂದ ಬೀಜ ಉದುರಿಸಿ 40 ಹಾಕಿದೆ, ಜರಡಿ ಹಿಡಿದ ಮಣ್ಣು, ಕಾಂಪೋಸ್ಟು, ದಿನಾ ಸ್ಪ್ರೇ, ಏನೂ ಕಮ್ಮಿ ಮಾಡಿಲ್ಲ. ಇವತ್ತಿಗೆ 26 ದಿನ. ಬಂದಿರೋದು 2. ಕುಂಡದಿಂದ ನಾಲ್ಕು ಹೆಜ್ಜೆ ಆಚೆ ಕಾಲುದಾರಿ ಅಂಚಲ್ಲಿ, ಯಾರೂ ನೀರು ಹಾಕದೇ ಇರೋ ಜಾಗದಲ್ಲಿ, ಚಾಪೆ ಹಾಸಿದಂಗೆ ಎದ್ದಿವೆ. ಕ್ಯಾಮೆರಾ 26 ದಿನದಿಂದ ಬರೀ ಮಣ್ಣಿನ ಸಿನಿಮಾ ತೆಗೀತಾ ಇದೆ.

ಕೈತೋಟಿ:
ಬೀಜ ಜೊಳ್ಳಿರ್ಬೇಕು ಗುರೂ. ಒಂದು ಲೋಟ ನೀರಿಗೆ ಹಾಕಿ, ತೇಲಿದ್ದು ಬಿಸಾಕಿ, ಮುಳುಗಿದ್ದು ಮಾತ್ರ ಬಿತ್ತಿ. ಸಿಂಪಲ್.

ಮೊಳಕೆಗಣ್ಣು:
ಹಾಕಿದೆ. 30 ಹಾಕಿದ್ದಕ್ಕೆ 27 ತೇಲ್ತಿವೆ! ಅಂದ್ರೆ ಎಲ್ಲಾ ಜೊಳ್ಳಾ? ಹಂಗಾದ್ರೆ ದಾರಿಯಲ್ಲಿರೋವು ಎಲ್ಲಿಂದ ಬಂದ್ವು?

ಹಾಳೆಗಿಡ:
ಬಿಸಾಕಬೇಡಿ ತಡೀರಿ! ಒಂದನ್ನ ಬೆರಳ ತುದಿ ಮೇಲಿಟ್ಕೊಂಡು ಲೆನ್ಸ್‌ನಲ್ಲಿ ನೋಡಿ. ಮೇಲ್ಗಡೆ ಎರಡು ಚೂಪು ಕೊಂಬು ಇದ್ಯಾ, ಪಕ್ಕದಲ್ಲಿ ಬಲೆ ಥರ ಗೆರೆ ಇದ್ಯಾ? ಇದ್ರೆ ಅದು ಬೀಜ ಅಲ್ಲ, ಬೀಜದ ಮನೆ. ದಾಸವಾಳದ ಕುಟುಂಬದ ಈ ಸಿಡಾ ಕುಲದಲ್ಲಿ ಕಾಯಿ ಒಣಗಿದಾಗ ಬೆಳ್ಳುಳ್ಳಿ ಗಡ್ಡೆ ಎಸಳೆಸಳಾಗಿ ಬಿಡಿಸಿದಂಗೆ ಹೋಳಾಗುತ್ತೆ, ಆ ಒಂದೊಂದು ಹೋಳಿಗೂ ಮೆರಿಕಾರ್ಪ್ ಅಂತಾರೆ, ಒಳಗೆ ಒಂದೇ ಒಂದು ಬೀಜ. ಸಿಪ್ಪೆಗೂ ಬೀಜಕ್ಕೂ ಮಧ್ಯೆ ಗಾಳಿ ಇರುತ್ತೆ, ಅದಕ್ಕೇ ತೇಲೋದು. ತೇಲಿಸೋ ಟೆಸ್ಟು ಇಲ್ಲಿ ಕೆಲಸಕ್ಕೆ ಬರಲ್ಲ. ಉಗುರಿಂದ ಸಿಪ್ಪೆ ಸುಲಿದು ಒಳಗಿನ ಕಂದು-ಕಪ್ಪು ಕಾಳು ತೆಗೀರಿ, ಅದನ್ನ ನೀರಿಗೆ ಹಾಕಿ ನೋಡಿ.

ಇನ್ನೊಂದು, ಇದು ಯಾವ ಜಾತಿ ಅಂತ ಗ್ಯಾರಂಟಿ ಇದ್ಯಾ? ಭೀಮನಕಡ್ಡಿ ಅಂತ ಜನ ಮೂರು ನಾಲ್ಕು ಗಿಡಕ್ಕೆ ಕರೀತಾರೆ. ಎಲೆ ಜೋಡಣೆ ಹೆಂಗಿದೆ ಹೇಳಿ.

ಮೊಳಕೆಗಣ್ಣು:
ಅಯ್ಯೋ ಹೌದು ಮೇಡಂ, ಎರಡು ಕೊಂಬಿದೆ! ನಾನು ಬೀಜದ ವಿನ್ಯಾಸನೇ ಹಂಗೆ ಅನ್ಕೊಂಡಿದ್ದೆ. ಸುಲಿದಾಗ ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಮೂರು ಮೂಲೆ ಇರೋ ಕಾಳು, ಒಂದು ಕಡೆ ಚಿಕ್ಕ ಕಚ್ಚು. 20 ಸುಲಿಯೋಕೆ ಮುಕ್ಕಾಲು ಗಂಟೆ ಆಯ್ತು, ಅದರಲ್ಲಿ 3 ಹಾರಿ ಎಲ್ಲೋ ಹೋದ್ವು. ಉಳಿದ 17 ನೀರಲ್ಲಿ ಮುಳುಗಿದ್ವು.

ಎಲೆ ಕೊಂಬೆಯ ಎರಡೂ ಕಡೆಗೆ ಒಂದೇ ಮಟ್ಟದಲ್ಲಿ, ಗರಿ ಥರ ಚಪ್ಪಟೆಯಾಗಿ ಇವೆ. ಉದ್ದ ಎಲೆ, ಅಂಚು ಗರಗಸ. ನಾನು ಸಿಡಾ ರಾಂಬಿಫೋಲಿಯಾ ಅಂತ ಬರ್ಕೊಂಡಿದ್ದೆ.

ಹಾಳೆಗಿಡ:
ಎರಡು ಸಾಲಲ್ಲಿ ಚಪ್ಪಟೆಯಾಗಿ ಕೂತಿದ್ರೆ ಸಿಡಾ ಅಕ್ಯುಟಾ ಕಡೆಗೇ ಬೆರಳು ತೋರಿಸುತ್ತೆ. ರಾಂಬಿಫೋಲಿಯಾದಲ್ಲಿ ಎಲೆ ಕಾಂಡದ ಸುತ್ತ ಸುರುಳಿಯಾಗಿ ಬರ್ತವೆ, ವಜ್ರಾಕಾರ, ಬುಡದ ಕಡೆ ಹಲ್ಲಿರಲ್ಲ, ಹಿಂಭಾಗ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಹೂವಿನ ತೊಟ್ಟು ತೆಳ್ಳಗೆ ಉದ್ದಕ್ಕೆ ಚಾಚಿರುತ್ತೆ. ಅಕ್ಯುಟಾ ಹೂವು ಗಿಡ್ಡ ತೊಟ್ಟಲ್ಲಿ ಎಲೆಯ ಕಂಕುಳಿಗೇ ಅಂಟಿಕೊಂಡಿರೋದು. ಹೋಳು ಎಣಿಸಿ, ಅಕ್ಯುಟಾದಲ್ಲಿ ಸಾಮಾನ್ಯವಾಗಿ 5ರಿಂದ 8, ರಾಂಬಿಫೋಲಿಯಾದಲ್ಲಿ 8ರಿಂದ 12. ನನಗೆ ಇಷ್ಟ ಆಗೋ ಗುರುತು ಬೇರೇನೇ. ಎಲೆ ತೊಟ್ಟಿನ ಬುಡದಲ್ಲಿ ಆ ಕಡೆ ಈ ಕಡೆ ಎರಡು ಉಪಪರ್ಣ, ಅಂದ್ರೆ ಪುಟ್ಟ ಎಲೆಯಂಥ ಭಾಗ, ಇರ್ತವಲ್ಲ, ಅಕ್ಯುಟಾದಲ್ಲಿ ಅವು ಜೊತೆಯಾಗಿದ್ರೂ ಜೋಡಿ ಅಲ್ಲ, ಒಂದು ದಾರದ ಥರ, ಇನ್ನೊಂದು ಅಗಲ.

ಹೂವಿನ ಹಸಿರು ಬಟ್ಟಲಿನ ಹೊರಗೆ ಮತ್ತೊಂದು ಸುತ್ತು ಪುಟ್ಟ ಎಲೆ ಥರ ಮೂರು ಕಂಡ್ರೆ ಮಾತ್ರ ಇಷ್ಟೂ ಬಿಡಿ, ಅದು ಸಿಡಾನೇ ಅಲ್ಲ, ಮಾಲ್ವಾಸ್ಟ್ರಮ್. ದೂರದಿಂದ ನೋಡಿದ್ರೆ ಎರಡೂ ಅಣ್ಣತಮ್ಮಂದಿರ ಥರಾನೇ ಇರ್ತವೆ, ನಾನೇ ಎಷ್ಟೋ ಸಲ ಮೋಸ ಹೋಗಿದೀನಿ.

ಮೊಳಕೆಗಣ್ಣು:
ಹೊರಗೆ ಏನೂ ಇಲ್ಲ. ಉಪಪರ್ಣ ಒಂದು ದಪ್ಪ ಒಂದು ಸಣ್ಣ, ಹೌದು! ಹೋಳು ಮೂರು ಕಾಯಿ ಬಿಡಿಸಿದೆ, 6, 7, 6. ಅಕ್ಯುಟಾ ಫಿಕ್ಸ್. ಆದ್ರೆ ಮುಳುಗಿದ 17 ಕಾಳು ಎರಡು ದಿನ ನೀರಲ್ಲೇ ಬಿಟ್ಟಿದೀನಿ, ಹಾಕಿದಾಗ ಎಷ್ಟಿದ್ವೋ ಅಷ್ಟೇ ಇವೆ, ಒಂದೇ ಒಂದು ಊದಿದೆ. ಬೀಜ ಒಳ್ಳೇದು, ನೀರಿದೆ, ಬೆಚ್ಚಗಿದೆ, ಇನ್ನೇನು ಬೇಕಂತೆ ಇದಕ್ಕೆ?

ಬೇರುಬಾವ:
ಗಾಯ ಬೇಕು ಅದಕ್ಕೆ.

ತಮಾಷೆ ಅಲ್ಲ ಸ್ವಾಮಿ. ಎರಡು ದಿನ ನೆನೆದ್ರೂ ಊದಿಲ್ಲ ಅಂದ್ರೆ ಒಳಗಿನ ಭ್ರೂಣಕ್ಕೆ ನೀರಿನ ಸುದ್ದಿನೇ ಮುಟ್ಟಿಲ್ಲ. ಈ ಕುಟುಂಬದ ಎಷ್ಟೋ ಕಳೆಗಳಲ್ಲಿ ಬೀಜದ ಸಿಪ್ಪೆಯೊಳಗೆ ಕಂಬ ಕಂಬ ನಿಲ್ಲಿಸಿದಂಗೆ ಒತ್ತೊತ್ತಾಗಿ ಜೋಡಿಸಿರೋ ಕೋಶಗಳ ಪದರ ಇರುತ್ತೆ, ಬೀಜ ಬಲಿತು ಒಣಗ್ತಾ ಒಣಗ್ತಾ ಅದು ನೀರು ನುಗ್ಗದಂಗೆ ಸೀಲ್ ಆಗಿಬಿಡುತ್ತೆ. ಗಟ್ಟಿಬೀಜದ ಸುಪ್ತಾವಸ್ಥೆ. ಅದು ಬಿಡೋದು ಹೆಂಗೆ ಅಂದ್ರೆ ಬಿಸಿಲಲ್ಲಿ ಮೇಲ್ಮಣ್ಣು ಹಗಲು ಕಾದು ರಾತ್ರಿ ತಣ್ಣಗಾಗಿ, ಹಂಗೆ ದಿನಗಟ್ಟಲೆ ಆಗಿ ಆಗಿ ಸಿಪ್ಪೆ ಎಲ್ಲೋ ಒಂದು ಕಡೆ ಸೋಲುತ್ತೆ, ಇಲ್ಲ ಕಲ್ಲಿಗೋ ಕಾಲಿಗೋ ಸಿಕ್ಕಿ ಉಜ್ಜುತ್ತೆ, ಇಲ್ಲ ಬೆಂಕಿ ಬಿದ್ದ ಜಾಗದಲ್ಲಿ ಬಿಸಿಗೆ ಬಾಯಿಬಿಡುತ್ತೆ. ಇದೇ ಕುಲದ ಸಿಡಾ ಸ್ಪೈನೋಸಾದಲ್ಲಿ ಇದನ್ನ ಚೆನ್ನಾಗಿ ನೋಡಿದಾರೆ, ಬಿಸಿ ತಾಗಿದ್ರೆ ಬೀಜದ ಒಂದು ನಿರ್ದಿಷ್ಟ ಜಾಗದಲ್ಲಿ ಆ ಪದರ ಸಣ್ಣ ಗುಳ್ಳೆ ಥರ ಏಳುತ್ತೆ, ನೀರು ಒಳಗೆ ಹೋಗೋದು ಅಲ್ಲಿಂದಾನೇ.

ಈಗ ನಿಮ್ಮ ಕುಂಡ ನೋಡಿ. ನುಣ್ಣನೆ ಮಣ್ಣು, ದಿನಾ ತಂಪು, ಯಾರೂ ತುಳಿಯಲ್ಲ. ಈ ಬೀಜಕ್ಕೆ ನೀವು ಹಾಸಿಗೆ ಹಾಸಿ ಮಲಗಿಸಿದೀರ. ಆಮೇಲೆ ದಾರಿಯಲ್ಲಿ ಎದ್ದಿರೋ ನೂರನ್ನ ಮಾತ್ರ ಎಣಿಸ್ತಿದೀರ, ಏಳದೇ ಮಣ್ಣಲ್ಲೇ ಬಿದ್ದಿರೋ ಸಾವಿರ ಯಾರು ಎಣಿಸ್ತಾರೆ? ಕಿತ್ತಷ್ಟೂ ಈ ಕಳೆ ಬರೋದು ಅದಕ್ಕೇನೆ, ಎಲ್ಲಾ ಬೀಜ ಒಂದೇ ಸಲ ಮೊಳೆತಿದ್ರೆ ಒಂದು ಸಲ ಕುಂಟೆ ಹೊಡೆದು ಮುಗಿಸ್ಬಹುದಿತ್ತು.

ಮಾಡಬೇಕಾಗಿರೋದು ಇಷ್ಟು. ಮರಕ್ಕೆ ಉಜ್ಜೋ ಸಣ್ಣ ಮರಳುಕಾಗದ ತಗೊಂಡು ಕಾಳನ್ನ ಚಿಮಟದಲ್ಲಿ ಹಿಡಿದು ದುಂಡಗಿರೋ ಬೆನ್ನನ್ನ ನಾಲ್ಕೈದು ಸಲ ಎಳೀರಿ, ಒಳಗಿನ ಬಿಳಿ ಚುಕ್ಕಿ ಕಂಡ ತಕ್ಷಣ ನಿಲ್ಲಿಸಿ. ಕಚ್ಚು ಇರೋ ಕಡೆ ಮುಟ್ಟಬೇಡಿ, ಬೇರಿನ ತುದಿ ಅಲ್ಲೇ ಇರೋದು. ಆಮೇಲೆ ರಾತ್ರಿ ನೆನೆಹಾಕಿ.

ಕೈತೋಟಿ:
ಬಿಸಿನೀರು ಹಾಕಿದ್ರೆ ಸುಲಭ ಅಲ್ವಾ ಬಾವ, ಒಂದೊಂದೇ ಉಜ್ಜೋದು ಯಾರು?

ಬೇರುಬಾವ:
ಆಗುತ್ತೆ, ಕುದ್ದ ನೀರು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಬೀಜ ಹಾಕಿ ಹಂಗೇ ತಣ್ಣಗಾಗೋಕೆ ಬಿಡೋದು. ಆದ್ರೆ ಕೆಲವು ಬೆಂದೇ ಹೋಗ್ತವೆ. 17 ಬೀಜಕ್ಕೆ ಆ ರಿಸ್ಕ್ ಯಾಕೆ. ಹೊಸದಾಗಿ ಬಿಡಿಸೋದಾದ್ರೆ ಇನ್ನೊಂದು ಸುಲಭದ ದಾರಿ ಇದೆ, ಕಾಯಿ ಪೂರ್ತಿ ಒಣಗೋಕೆ ಬಿಡದೇ ಹಸಿರು ಹೋಗಿ ಕಂದು ಹತ್ತೋ ಟೈಮಲ್ಲಿ ಬಿಡಿಸಿ ಆಗಿಂದಾಗ್ಲೇ ಬಿತ್ತೋದು, ಸಿಪ್ಪೆ ಇನ್ನೂ ಸೀಲ್ ಆಗಿರಲ್ಲ.

ಮೊಳಕೆಗಣ್ಣು:
ಅಪ್ಡೇಟ್!! ಊದಿದ್ದ ಒಂದನ್ನ ಬಿಟ್ಟು 16 ಉಜ್ಜಿದೆ, 2 ಜಾಸ್ತಿ ಉಜ್ಜಿ ಒಡೆದು ಹೋದ್ವು. 14 ನೆನೆಹಾಕಿದೆ, ಬೆಳಗ್ಗೆ ನೋಡಿದ್ರೆ 12 ಊದಿ ಡಬಲ್ ಆಗಿವೆ, ಸಿಪ್ಪೆ ಬಿರಿದು ಒಳಗಿನ ಬಿಳಿ ಕಾಣ್ತಿದೆ. ಒದ್ದೆ ಟಿಶ್ಯೂ ಮೇಲೆ ಮೂರನೇ ದಿನಕ್ಕೆ 9ಕ್ಕೆ ಬೇರು. ಒಂದರಲ್ಲಿ ಬೀಜದೆಲೆ ಹೊರಗೆ ಬರೋದು ಕ್ಯಾಮೆರಾಗೆ ಸಿಕ್ಕಿದೆ, ಸೀರೆ ಮಡಿಕೆ ಬಿಚ್ಕೊಂಡಂಗೆ ಬಿಚ್ಕೊಳ್ತು, ಅಷ್ಟು ಚಿಕ್ಕ ಕಾಳೊಳಗೆ ಅಷ್ಟಗಲದ ಎಲೆ ಹೆಂಗೆ ತುರುಕಿತ್ತೋ. ಬೇರುಬಾವ ಅವರಿಗೆ ಅಡ್ಡಬಿದ್ದೆ.

ಕುಂಟೆಕೈ:
ನಿಮಗೆಲ್ಲ ಕೆಲಸ ಇಲ್ವಾ? ನಾನು ವರ್ಷಗಟ್ಟಲೆ ಇದರ ಜೊತೆ ಬಡಿದಾಡ್ತಿದೀನಿ, ಮೇಲೆ ಕತ್ತರಿಸಿದ್ರೆ ಬುಡದಿಂದ ಒಂದಕ್ಕೆ ಐದು ಕವಲು ಹೊಡೆಯುತ್ತೆ, ದನ ಬೇರೆ ಮೇವಿದ್ರೆ ಇದನ್ನ ಮೂಸಿ ನೋಡಲ್ಲ, ಹಂಗಾಗಿ ಹುಲ್ಲೆಲ್ಲ ಖಾಲಿಯಾಗಿ ಇದೊಂದೇ ನಿಲ್ಲುತ್ತೆ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಇದನ್ನ ತಿನ್ನೋಕೆ ಅಂತಾನೇ ಮೆಕ್ಸಿಕೋದಿಂದ ಎಲೆದುಂಬಿ ತಂದು 1989ರಲ್ಲಿ ಬಿಟ್ರು, ಕ್ಯಾಲಿಗ್ರಾಫಾ ಪ್ಯಾಂಥೆರಿನಾ ಅಂತ. ಅವರು ದುಂಬಿ ತರ್ತಾರೆ, ಇಲ್ಲಿ ನೋಡಿದ್ರೆ ಚಿಮಟದಲ್ಲಿ ಬಾಣಂತನ ನಡೀತಿದೆ.

ಬೇರುಬಾವ:
ಕುಂಟೆಕೈ ಅಣ್ಣ ಬೈದ್ರೂ ಹೇಳಿದ್ದು ಸರಿನೇ. ಈ ಗಿಡದ ಮೂಲ ಅಮೆರಿಕದ ಉಷ್ಣವಲಯ, ಅದರ ಶತ್ರುಗಳನ್ನ ಅಲ್ಲೇ ಬಿಟ್ಟು ಅದೊಂದೇ ಉಳಿದ ಕಡೆಗೆಲ್ಲ ಬಂದಿದೆ. ಅಣ್ಣ, ನೀವು ಮಳೆ ಬಿದ್ದ ಮಾರನೇ ದಿನ, ಎಳೆಯದಿರುವಾಗ, ತಾಯಿಬೇರು ಸಮೇತ ಕೀಳಿ. ದೊಡ್ಡದಾಗಿದ್ರೆ ಮಣ್ಣೊಳಗೆ ಕಾಂಡ ಬೇರು ಸೇರೋ ಜಾಗಕ್ಕಿಂತ ಕೆಳಗೆ ಕಡೀರಿ, ಕವಲೊಡೆಯೋ ಮೊಗ್ಗೆಲ್ಲ ಅದರ ಮೇಲೇ ಇರ್ತವೆ. ಕಿತ್ತ ಜಾಗ ಬೋಳು ಬಿಡಬೇಡಿ, ದಪ್ಪಗೆ ಸೊಪ್ಪುಸದೆ ಮುಚ್ಚಿ, ಇಲ್ಲಾಂದ್ರೆ ಬಿಸಿಲು ಬಿದ್ದು ಮುಂದಿನ ಬ್ಯಾಚು ಏಳುತ್ತೆ.

ಮೊಳಕೆಗಣ್ಣು, ನೀವು ಸಿನಿಮಾ ಮುಗಿದ ಮೇಲೆ ಕಾಯಿ ಒಣಗೋಕೆ ಮುಂಚೆ ಗಿಡ ತೆಗೀಬೇಕು. ಆ ಎರಡು ಕೊಂಬು ಇರೋದು ನಿಮ್ಮ ಸಾಕ್ಸ್ ಹಿಡಿಯೋಕೇನೆ.

ಮೊಳಕೆಗಣ್ಣು:
ಪ್ರಾಮಿಸ್. ಈಗ ಮೊಳಕಾಲುದ್ದ ಆಗಿವೆ, 60 ಚಿಲ್ಲರೆ ದಿನಕ್ಕೆ ಮೊಗ್ಗು. ಹೊಸ ತಲೆನೋವು ಎರಡು. ಒಂದು, ದಿನಾ ಮಧ್ಯಾಹ್ನ ಬಂದು ನೋಡ್ತೀನಿ, ಹೂವು ಮುಚ್ಚಿ ಸುರುಳಿ ಸುತ್ಕೊಂಡಿರುತ್ತೆ, ಅರಳಿದ್ದು ಒಂದೂ ಸಿಕ್ಕಿಲ್ಲ. ಎರಡು, ಒಂದು ಗಿಡದ ಎಲೆ ಮೇಲೆ ಹಳದಿ ಹಸಿರು ಚಿತ್ತಾರ, ಕಬ್ಬಿಣಾಂಶ ಹಾಕಿದೆ, ಕಮ್ಮಿ ಆಗಿಲ್ಲ.

ಹಾಳೆಗಿಡ:
ಮಧ್ಯಾಹ್ನ ಬಂದ್ರೆ ಎಲ್ಲಿಂದ ಸಿಗುತ್ತೆ, ಬಿಸಿಲೇರಿದ ಮೇಲೆ ಅರಳಿ ಕೆಲವೇ ಗಂಟೆಗೆ ಮುಚ್ಚುತ್ತೆ, ಒಂದು ಹೂವಿಗೆ ಒಂದೇ ದಿನ. ಬೆಳಗ್ಗೆ ಟಿಫನ್ ಟೈಮಿಂದಾನೇ ಕ್ಯಾಮೆರಾ ಓಡಿಸಿ. ಕೀಟ ಬರದಿದ್ರೂ ಕಾಯಿ ಕಟ್ಟುತ್ತೆ, ಅದರ ಚಿಂತೆ ಬೇಡ.

ಚಿತ್ತಾರಕ್ಕೆ ಗೊಬ್ಬರ ಹಾಕಬೇಡಿ. ಎಲೆ ಮಗುಚಿ ನೋಡಿ, ಬಿಳಿನೊಣ ಇದ್ಯಾ? ಈ ಕಳೆಗಳಿಗೆ ಬಿಳಿನೊಣ ಹರಡೋ ಹಳದಿ ಮೊಸಾಯಿಕ್ ವೈರಸ್ಸು ತುಂಬಾ ಸಾಮಾನ್ಯ, ಔಷಧಿ ಇಲ್ಲ. ಪಕ್ಕದಲ್ಲಿ ಬೆಂಡೆ, ದಾಸವಾಳ ಥರ ಬಂಧುಬಳಗ ಇದ್ರೆ ಆ ಗಿಡ ಇವತ್ತೇ ತೆಗೆದುಬಿಡಿ, ಹಿಟ್ಟುತಿಗಣೆ, ಕೆಂಪುತಿಗಣೆ ಕೂಡ ಇದರಲ್ಲೇ ಸಂಸಾರ ಹೂಡಿ ಆ ಕಡೆ ಹೋಗ್ತವೆ.

ಹೂವು ಅರಳಿದಾಗ ಒಂದು ಕೆಲಸ ಮಾಡಿ. ಮಧ್ಯದಲ್ಲಿ ಕೇಸರಗಳೆಲ್ಲ ಬುಡದಲ್ಲಿ ಅಂಟ್ಕೊಂಡು ಒಂದು ಕೊಳವೆ ಆಗಿರುತ್ತೆ, ದಾಸವಾಳದಲ್ಲಿ ಉದ್ದಕ್ಕೆ ಇರುತ್ತಲ್ಲ ಅದರ ಮರಿ. ಆ ಕೊಳವೆ ಒಳಗಿಂದ ಗುಂಡುಪಿನ್ ತಲೆ ಥರ ಶಲಾಕಾಗ್ರಗಳು, ಅಂದ್ರೆ ಪರಾಗ ಹಿಡಿಯೋ ತುದಿಗಳು, ಇಣುಕ್ತವೆ. ಅವನ್ನ ಎಣಿಸಿ ಆ ಹೂವಿಗೆ ಗುರುತು ಕಟ್ಟಿ.

ಮೊಳಕೆಗಣ್ಣು:
ಬಿಳಿನೊಣ ಇತ್ತು, ಆ ಗಿಡ ಕಿತ್ತು ಕವರಲ್ಲಿ ಕಟ್ಟಿ ಹಾಕಿದೆ. ಹೂವು ಸಿಕ್ತು! ಒಂಬತ್ತೂಕಾಲಿಗೆ ಸಡಿಲ ಆಗೋಕೆ ಶುರು, ಹತ್ತರ ಹೊತ್ತಿಗೆ ಪೂರ್ತಿ, ಮಧ್ಯಾಹ್ನಕ್ಕೆ ಬಾಗಿಲು ಬಂದ್. ಪಿನ್ ತಲೆ 7 ಎಣಿಸಿ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದೆ. ಇವತ್ತು ಕಾಯಿ ಕಂದು ಹತ್ತಿದೆ, ಬಿಚ್ಚಿದೆ. 7 ಹೋಳು. ಅದರಲ್ಲಿ ಒಂದು ಮಾತ್ರ ನಿಜವಾಗ್ಲೂ ಜೊಳ್ಳು, ಕೈತೋಟಿ ಅವರೇ ಅದು ನಿಮಗೆ.