ಸಹಾಯ ಬೇಕು: 150 ರೂಪಾಯಿಯಲ್ಲಿ ಮನೆಯಲ್ಲೇ ಪ್ಲಾನರ್
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿ.ಎಡ್ ಓದುತ್ತಿದ್ದೇನೆ, ಸಂಜೆ ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಅಸೈನ್‌ಮೆಂಟ್, ಮಕ್ಕಳ ಫೀಸು, ಮನೆ ಖರ್ಚು ಎಲ್ಲ ಒಂದೇ ಕಡೆ ಬರೆಯಲು ಪ್ಲಾನರ್ ಬೇಕು. ಅಂಗಡಿಯದು ನನಗೆ ದುಬಾರಿ.

ಲೆಕ್ಕ ಹಾಕಿದ್ದೇನೆ. ಎ4 ಹಾಳೆ ಮಡಚಿದರೆ 4 ಪುಟ. ವಾರಕ್ಕೆ 2 ಪುಟ ಅಂದರೆ 52 ವಾರಕ್ಕೆ 26 ಹಾಳೆ, ತಿಂಗಳಿಗೊಂದು ಪುಟಕ್ಕೆ ಇನ್ನೂ 3. ಹಾಳೆಗೆ ಜಾಸ್ತಿ ಖರ್ಚಿಲ್ಲ. ಕಷ್ಟ ಇರುವುದು ಹೊಲಿಗೆಯಲ್ಲಿ.

29 ಹಾಳೆ ಒಟ್ಟಿಗೆ ಮಡಚಿ ನೋಡಿದೆ. ಬೆನ್ನು ಉಬ್ಬಿತು, ಒಳಗಿನ ಹಾಳೆಗಳ ಅಂಚು ಹೊರಗೆ ಚಾಚಿತು. ದಬ್ಬಣದಿಂದ ಚುಚ್ಚಿದ ತೂತುಗಳೂ ಓರೆಯಾದವು. ಹೋದ ವರ್ಷ ಬರೀ ಗಮ್ ಹಚ್ಚಿದ್ದೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ, ಗಮ್ ಒಣಗಿ ಪುಟ ಉದುರಿದವು.

ಈಗ ಐದೈದು ಹಾಳೆಯ ಕಟ್ಟು ಮಾಡಿ ಹೊಲಿಯಬೇಕೆಂದಿದ್ದೇನೆ. ಒಂದು ಕಟ್ಟಿನಿಂದ ಇನ್ನೊಂದಕ್ಕೆ ದಾರ ಹೇಗೆ ದಾಟಿಸಬೇಕು? ಬೆನ್ನಿಗೆ ಎಷ್ಟು ತೂತು ಸಾಕು? ರಟ್ಟಿಗೆ ಅವ್ವನ ಹಳೆ ಇಳಕಲ್ ಸೀರೆಯ ತುಂಡು ಹಚ್ಚುವ ಆಸೆ ಇದೆ. ಮೈದಾ ಅಂಟು ಹಚ್ಚಿದರೆ ಕಲೆ ಬೀಳುತ್ತದಾ?

ನಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾ ಕಡೆ ದಪ್ಪ ದಾರ, ಬಿಡಿ ರಟ್ಟು ಕಮ್ಮಿಗೆ ಸಿಗುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳ್ರಿ. ಹೊಲಿಗೆಯ ಫೋಟೊ ಇದ್ದರೆ ಹಾಕಿ, ಈ ಭಾನುವಾರವೇ ಕೂತು ಮಾಡುತ್ತೇನೆ.