ಬಾದಾಮಿ ಶಿಬಿರಕ್ಕೂ ಮೊದಲು ಮಕ್ಕಳಿಗೆ ಯಾವ ಇಂಗ್ಲಿಷ್ ಪದ ಕಲಿಸೋದು?

ಬೆಟಗೇರಿ ಟೀಚರ್ (ಗದಗ)

ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, 24 ಮಕ್ಕಳು. ಡಿಸೆಂಬರ್‌ನಲ್ಲಿ ಬಾದಾಮಿಯಲ್ಲಿ ಎರಡು ದಿನದ ಬಂಡೆ ಹತ್ತುವ ಶಿಬಿರ ಇದೆ. ಅದಕ್ಕೂ ಮೊದಲು ನನಗೆ ಆರು ಇಂಗ್ಲಿಷ್ ಪಿರಿಯಡ್ ಸಿಗುತ್ತವೆ. ಮಕ್ಕಳ ಉಮೇದು ಇರುವಾಗಲೇ ಒಂದಿಷ್ಟು ಪದ ಗಟ್ಟಿ ಮಾಡಿಸಬೇಕು ಅಂತ ಆಸೆ. ಸಿಗೋ ಪಟ್ಟಿಗಳಲ್ಲಿ ನೂರಾರು ಪದ ಇವೆ. ಯಾವುದು ಮೊದಲು, ಹೇಗೆ ಕಲಿಸಬೇಕು? ಶಾಲೆಯಲ್ಲಿ ಹತ್ತೋ ಗೋಡೆ ಇಲ್ಲ. ಅಂಗಳ ಇದೆ, ಒಂದು ನೂಲಿನ ಹಗ್ಗ ಇದೆ.

ಹಗ್ಗಗಂಟು (ಧಾರವಾಡ)

ಮೇಡಂ, ಸಾಮಾನಿನ ಹೆಸರು ಆಮ್ಯಾಲೆ ಇಟ್ಕೋರಿ. ಮೊದಲ ಎರಡು ಪಿರಿಯಡ್ ಬರೇ ಕೂಗು ಕಲಸ್ರಿ. ಯಾಕಂದ್ರ ಕಲ್ಲಿನ ಮ್ಯಾಲೆ ನಮ್ಮ ಕನ್ನಡದ ಒಂದು ಪದ ಭಾಳ ತ್ರಾಸ ಕೊಡ್ತದ: "ಬಿಡು".

ಮ್ಯಾಲಿದ್ದ ಹುಡುಗ "ಹಗ್ಗ ಬಿಡು" ಅಂತ ಒದರಿದ ಅಂತ ತಿಳಕೋರಿ. ಸ್ವಲ್ಪ ಸಡ್ಲ ಮಾಡು ಅಂದನೋ, ನನ್ನ ಕೆಳಗ ಇಳಸು ಅಂದನೋ, ಕೈಬಿಡು ಅಂದನೋ? ಇಂಗ್ಲಿಷಿನ್ಯಾಗ ಇವು ಮೂರು ಬ್ಯಾರೆ ಬ್ಯಾರೆ ಪದ: ಸ್ಲ್ಯಾಕ್, ಲೋವರ್, ಲೆಟ್ ಗೋ. ಸ್ಲ್ಯಾಕ್ ಅಂದ್ರ ಒಂದೆರಡು ಅಡಿ ಹಗ್ಗ ಸಡ್ಲ. ಲೋವರ್ ಅಂದ್ರ ಅವನ ಭಾರ ಹಿಡಕೊಂಡು ಸಾವಕಾಶ ಇಳಸೋದು. ಲೆಟ್ ಗೋ ಅನ್ನೋದನ್ನ ಬಿಲೇ ಹಿಡದವರು (ಹತ್ತೋರು ಬೀಳದಂಗ ಅವರ ಹಗ್ಗ ಕಾಯೋರು) ಎಂದೂ ಮಾಡಬಾರದು, ಅವರ ಬ್ರೇಕ್ ಹ್ಯಾಂಡ್ (ಹಗ್ಗ ತಡದು ಹಿಡಿಯೋ ಕೈ) ಹಗ್ಗದಿಂದ ಕದಲಬಾರದು. ಈ ಮೂರನ್ನ ಬೋರ್ಡಿನ ಮ್ಯಾಲೆ ಬಾಜೂಬಾಜೂ ಬರೀರಿ.

"ಟೇಕ್" ಪದಕ್ಕ "ತಗೋ" ಅಂತ ಅರ್ಥ ಹೇಳಬ್ಯಾಡ್ರಿ. ತಗೋ ಅಂದ್ರ ಮಕ್ಕಳು ಏನೋ ಕೊಡ್ತಾರ ಅಂತ ಕೈ ಚಾಚ್ತಾವ. ಇಲ್ಲಿ ಅದರ ಅರ್ಥ "ಹಗ್ಗ ಜಗ್ಗಿ ಬಿಗಿ ಹಿಡಿ, ನಾ ಜೋತು ಬೀಳ್ತೀನಿ". ಇನ್ನೊಂದು, "ಟೇಕ್ ಇನ್ ಸ್ಲ್ಯಾಕ್" ಅಂತ ಪೂರಾ ವಾಕ್ಯ ಕಲಸಬ್ಯಾಡ್ರಿ. ಗಾಳಿಯಾಗ ಕಡೇ ಪದ ಅಷ್ಟ ಕೇಳಸ್ತದ, ಕೆಳಗಿದ್ದವರು ಬಿಗಿ ಮಾಡೋ ಬದಲು ಸಡ್ಲ ಮಾಡ್ತಾರ.

ಹತ್ತೋಕಿಂತ ಮುಂಚಿನ ಮಾತುಕತಿ ನಾಕ ನಾಕು: ಹತ್ತೋರು "ಆನ್ ಬಿಲೇ?" (ಹಗ್ಗ ಕಾಯ್ತಿದ್ದೀ?), ಕೆಳಗಿನವರು "ಬಿಲೇ ಆನ್." (ಕಾಯ್ತಿದ್ದೀನಿ), ಹತ್ತೋರು "ಕ್ಲೈಂಬಿಂಗ್." (ಹತ್ತಾಕತ್ತೀನಿ), ಕೆಳಗಿನವರು "ಕ್ಲೈಂಬ್ ಆನ್." (ಹತ್ತು). ಮುಗದ ಮ್ಯಾಲೆ ಹತ್ತಿದವರು "ಆಫ್ ಬಿಲೇ" (ಇನ್ನ ಹಗ್ಗ ಕಾಯೋದು ಬ್ಯಾಡ). ಕೆಲವು ಕಡೆ ಇದಕ್ಕ "ಸೇಫ್" ಅಂತಾರ. ಹಂಗಾಗಿ ಶಿಬಿರದವರಿಗೆ ಈಗ ಫೋನ್ ಮಾಡಿ ಅವರು ಯಾವ ಪದ ಬಳಸ್ತಾರ ಕೇಳ್ರಿ, ಅದನ್ನ ಕಲಸ್ರಿ. ಎಲ್ಲಾದಕ್ಕೂ "ಓಕೆ" ಅನ್ನೋ ಚಟ ಮೊದಲ ದಿನಾನ ಬಿಡಸ್ರಿ.

ಅಂಗಳದಾಗ ಇಬ್ಬಿಬ್ಬರನ್ನ 15 ಹೆಜ್ಜಿ ದೂರ, ಬೆನ್ನು ತಿರುಗಿಸಿ ನಿಲ್ಲಸ್ರಿ, ನಡುವ ಹಗ್ಗ. ಒಬ್ಬರು ಜೋಡಿಯವರ ಹೆಸರು ಕೂಗಿ ಪದ ಹೇಳಬೇಕು: "ಸುಮಾ, ಸ್ಲ್ಯಾಕ್!" ಇನ್ನೊಬ್ಬರು ಬಾಯಿ ತೆಗೀದ ಕೈಲೆ ಮಾಡಿ ತೋರಸಬೇಕು. ಹೆಸರು ಯಾಕಂದ್ರ ಕಲ್ಲಿನ ಹತ್ರ ನಾಕೈದು ಹಗ್ಗ ಒಮ್ಮೆಲೆ ನಡೀತಿರ್ತಾವ, ಬ್ಯಾರೆಯವರ ಕೂಗಿಗೆ ಇವರು ಹಗ್ಗ ಬಿಡಬಾರದು. ನೂಲಿನ ಹಗ್ಗಕ್ಕ ಯಾರೂ ಜೋತು ಬೀಳದಂಗ ನೋಡ್ಕೋರಿ.

"ರಾಕ್!" ಮರೀಬ್ಯಾಡ್ರಿ. ಮ್ಯಾಲಿಂದ ಕಲ್ಲು ಉರುಳಿದಾಗ ಈ ಕೂಗು. ಕೇಳಿದ ಕೂಡಲೆ ಯಾರಿಗಾದರೂ ಮುಖ ಮ್ಯಾಲೆತ್ತಿ ನೋಡಬೇಕು ಅನಸ್ತದ, ಅಲ್ಲೇ ಪೆಟ್ಟು ಬೀಳೋದು. ತಲಿ ತಗ್ಗಿಸಿ ಬಂಡೆಗೆ ಒತ್ತಿ ನಿಲ್ಲೋದನ್ನ ಹತ್ತು ಸಲ ಮಾಡಸ್ರಿ.

ವಿದ್ಯಾನಗರ ಇಂಗ್ಲಿಷ್ ಮೇಷ್ಟ್ರು (ಹುಬ್ಬಳ್ಳಿ)

ಮೇಲಿನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಉಚ್ಚಾರದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಾವು ಕನ್ನಡದಲ್ಲಿ "ಕ್ಲೈಂಬ್" ಎಂದು ಬರೆಯುವುದರಿಂದಲೇ ಮಕ್ಕಳು "ಬ್" ಉಚ್ಚರಿಸುತ್ತಾರೆ. ಆ "ಬಿ" ಅಕ್ಷರ ಕಾಗದದ ಮೇಲೆ ಮಾತ್ರ. ಬಾಯಲ್ಲಿ ಕ್ಲೈಮ್, ಕ್ಲೈಮಿಂಗ್, ಕ್ಲೈಮರ್. (ವಿಮೆಯ ಕ್ಲೇಮ್ ಬೇರೆ ಪದ, ಸ್ವರವೂ ಬೇರೆ.) ಹೆಬ್ಬೆರಳಿನ ಥಮ್, ಕೈಕಾಲಿನ ಲಿಮ್, ಬೆರಳು ಮರಗಟ್ಟಿದಾಗ ಹೇಳುವ ನಮ್, ಇವೆಲ್ಲ ಅದೇ ಮನೆಯವು: ಕೊನೆಗೆ ಬಿ ಬರೆಯಬೇಕು, ಹೇಳಬಾರದು.

ಹಾಗೆಯೇ ಗಂಟಿನ ನಾಟ್, ಮೊಣಕಾಲಿನ ನೀ, ಬೆರಳ ಗೆಣ್ಣಿನ ನಕಲ್ ಮೂರೂ ಕೆ ಅಕ್ಷರದಿಂದ ಶುರು. ಮಣಿಕಟ್ಟಿನ ರಿಸ್ಟ್, ಸುತ್ತುವ ರ‍್ಯಾಪ್ ಎರಡಕ್ಕೂ ಮೊದಲಲ್ಲಿ ಡಬ್ಲ್ಯೂ. ಮಕ್ಕಳು ತಮ್ಮ ಮೊಣಕಾಲು ಮುಟ್ಟಿಕೊಂಡು ಆ ನಾಲ್ಕು ಅಕ್ಷರ ಬರೆಯಲಿ. ಪಿರಿಯಡ್ಡಿಗೆ ಎಂಟು ಪದ ಸಾಕು.

ಕ್ರಿಯಾಪದದಲ್ಲಿ ಒಂದೇ ಒಂದು ತಪ್ಪು ತಿದ್ದಲು ಸಮಯವಿದ್ದರೆ ಇದನ್ನು ತಿದ್ದಿ: "ಐ ಫೆಲ್ಟ್ ಫ್ರಮ್ ದ ರಾಕ್". ಬಿದ್ದದ್ದು ಫೆಲ್, ಅನಿಸಿದ್ದು ಫೆಲ್ಟ್. ಹ್ಯಾಂಗ್–ಹಂಗ್, ಸ್ವಿಂಗ್–ಸ್ವಂಗ್, ಕ್ಲಿಂಗ್–ಕ್ಲಂಗ್ ಒಟ್ಟಿಗೇ ಬಾಯಿಗೆ ಬರುತ್ತವೆ. ಬಿಲೇ ಪದದಲ್ಲಿ ಒತ್ತು "ಲೇ" ಮೇಲಿರಲಿ, ಇಲ್ಲದಿದ್ದರೆ ಅಂಗಡಿಯ "ಬೆಲೆ" ಆಗುತ್ತದೆ.

ಬೆಟಗೇರಿ ಟೀಚರ್ (ಗದಗ)

ಇಬ್ಬರಿಗೂ ಧನ್ಯವಾದ. "ಬಿಡು" ವಿಷಯ ನನಗೆ ಹೊಳೆದೇ ಇರಲಿಲ್ಲ. ಜಗ್, ಕ್ರಿಂಪ್, ಸ್ಲೋಪರ್ ಅಂತ ಹಿಡಿತಗಳ ಹೆಸರು ಬರ್ತವಲ್ಲ, ಅವು ಬೇಕಾ?

ತುಂಗಭದ್ರಾ ತೀರ (ರಾಣೇಬೆನ್ನೂರು)

ಬೇಕು ಮೇಡಂ, ಆದರೆ ಚಿತ್ರ ತೋರಿಸಿ ಅಲ್ಲ, ಕೈಗೆ ಕೊಟ್ಟು. ಕೊಡದ ಹೊಟ್ಟೆಯನ್ನು ಬರೀ ಅಂಗೈಯಿಂದ ತಬ್ಬಿ ಹಿಡಿಯಲು ಹೇಳಿ, ಜಾರುತ್ತದೆ. ಅದು ಸ್ಲೋಪರ್. ಬಾಗಿಲ ಚೌಕಟ್ಟಿನ ತೆಳು ಅಂಚನ್ನು ಬೆರಳ ತುದಿಯಿಂದ ಹಿಡಿದರೆ ಕ್ರಿಂಪ್. ಇಟ್ಟಿಗೆಯನ್ನು ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ ಇಟ್ಟು ಎತ್ತಿದರೆ ಪಿಂಚ್. ಎರಡು ಬೆರಳು ಹೋಗುವ ತೂತು ಪಾಕೆಟ್. ಜಗ್ ಅಂದರೆ ಇಡೀ ಕೈ ಒಳಗೆ ಹೋಗುವ ದೊಡ್ಡ ಹಿಡಿತ, ನಂಬಿ ಜಗ್ಗಬಹುದಾದದ್ದು. ಜಗ್ಗೋದು ಜಗ್ ಅಂದರೆ ನಮ್ಮ ಕಡೆ ಮಕ್ಕಳು ಮರೆಯೋದಿಲ್ಲ.

ಬಾದಾಮಿಯದು ಮರಳುಗಲ್ಲು, ಸ್ಯಾಂಡ್‌ಸ್ಟೋನ್. ಒದ್ದೆಯಾದರೆ ಅದರ ಬಲ ಕುಗ್ಗಿ ಹಿಡಿತಗಳು ಮುರಿಯುತ್ತವೆ. ಅದಕ್ಕೇ ಡ್ರೈ, ಡ್ಯಾಂಪ್, ವೆಟ್ ಮೂರರ ವ್ಯತ್ಯಾಸ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಮೇಲೆ ಒಣಗಿ ಒಳಗೆ ತೇವ ಇರುವ ಡ್ಯಾಂಪ್ ಕಲ್ಲೇ ಮೋಸ ಮಾಡೋದು.

ವರದಿ ಬರೆಸುವಾಗ, ಹಗ್ಗದ ಆಸರೆಯಲ್ಲಿ ಬಂಡೆ ಇಳಿಯುವುದಕ್ಕೆ ಹೇಳುವ ರ‍್ಯಾಪೆಲ್ ಪದದ ಸ್ಪೆಲ್ಲಿಂಗ್ ನೋಡಿ. ಆರ್ ಆದ ಮೇಲೆ ಎ, ಆಮೇಲೆ ಎರಡು ಪಿ. ಎ ಬದಲು ಇ ಹಾಕಿ ಒಂದೇ ಪಿ ಬರೆದರೆ ಅದು "ದೂರ ತಳ್ಳು" ಅನ್ನೋ ಬೇರೆ ಪದ.